ತೂತಾದ ಉಣ್ಣೆ ಸಾಕ್ಸ್‌ಗೊಂದು ರಫೂ

ದೇವದುರ್ಗದಲ್ಲಿ ಉಣ್ಣೆ ಸಾಕ್ಸ್ ಅಂದ್ರೆ ಮಂದಿ ನಗ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಆದರೆ ಇಲ್ಲಿಂದ ಬೆಂಗಳೂರು, ಹೈದರಾಬಾದ್ ಸೇರಿ, ಆನ್‌ಸೈಟ್ ಅಂತ ಚಳಿ ದೇಶಕ್ಕೆ ಹೋಗಿ ಬಂದವರು, ಹಿಮಾಲಯದಲ್ಲಿ ಟ್ರೆಕ್ ಮಾಡಿ ಬಂದವರು ಈಗ ಸಾಕಷ್ಟಿದ್ದಾರೆ. ಅವರ ಬ್ಯಾಗಿನ ತಳದಲ್ಲಿ ಒಂದೆರಡು ಜೋಡಿ ಉಣ್ಣೆ ಸಾಕ್ಸ್ ಇದ್ದೇ ಇರುತ್ತವೆ. ಹಿಮ್ಮಡಿ ಸವೆದಿರುತ್ತೆ, ಹೆಬ್ಬೆರಳ ಹತ್ತಿರ ತೂತು ಬಿದ್ದಿರುತ್ತೆ. ದುಬಾರಿ ಮಾಲು, ಬಿಸಾಕೋಕೆ ಮನಸ್ಸಿಲ್ಲ, ಹೊಲಿಯೋಕೆ ಬರೋದಿಲ್ಲ.

ಈ ಕೆಲಸಕ್ಕೆ ನಮ್ಮ ಕಡೆ ಹೆಸರೇ ಇದೆ: ರಫೂ. 1948ರವರೆಗೆ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಉರ್ದುವಿನ ಎಷ್ಟೋ ಮಾತು ನಮ್ಮ ಮನೆಮಾತಾದವು, ರಫೂ ಕೂಡ ಅಂಥದ್ದೇ. ತೇಪೆ ಅಂದ್ರೆ ಮೇಲೊಂದು ಬಟ್ಟೆ ಇಟ್ಟು ಹೊಲಿಯೋದು. ರಫೂ ಅಂದ್ರೆ ಹರಿದ ಜಾಗದಲ್ಲಿ ದಾರದಿಂದ ಹೊಸದಾಗಿ ನೇಯೋದು.

ಉಣ್ಣೆಯೂ ನಮಗೆ ಹೊಸದಲ್ಲ. ಹೊಲದಲ್ಲಿ ಕುರಿ ತರುಬುವ ಕುರುಬರ ಹೆಗಲ ಮೇಲಿನ ಕರಿ ಕಂಬಳಿ ದಖನಿ ಕುರಿಯ ಉಣ್ಣೆಯದು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ಅದನ್ನು ನೇಯುತ್ತಾರೆ. ಮಗ್ಗದ ಹಾಸು-ಹೊಕ್ಕು ಅರ್ಥವಾದರೆ ರಫೂ ಅರ್ಧ ಬಂದಂತೆಯೇ.

ಮೊದಲು ದಾರ. ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡೋದು ಹೆಚ್ಚಾಗಿ ಅಕ್ರಿಲಿಕ್. ಒಂದೆಳೆಯನ್ನು ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ದಾರ ಸಾಕ್ಸಿನ ನೂಲಿನಷ್ಟೇ ದಪ್ಪ ಇರಲಿ. ದೊಡ್ಡ ಕಣ್ಣಿನ, ಮೊಂಡು ತುದಿಯ ಸೂಜಿ ತಗೊಳ್ಳಿ.

ಸಾಕ್ಸಿನೊಳಗೆ ಟೆನಿಸ್ ಬಾಲ್ ಹಾಕಿ, ತೂತು ಅದರ ಮೇಲೆ ಬರುವಂತೆ ಹಿಡಿಯಿರಿ, ಎಳೆಯಬೇಡಿ. ತೂತಿಗಿಂತ ಒಂದು ಸೆಂ.ಮೀ. ಆಚೆ, ಬಟ್ಟೆ ಗಟ್ಟಿ ಇರುವಲ್ಲಿಂದ ಶುರುಮಾಡಿ. ಮೇಲಿಂದ ಕೆಳಗೆ ಒತ್ತೊತ್ತಾಗಿ ಸಾಲು ಹೊಲಿಯಿರಿ. ತೂತು ಬಂದಲ್ಲಿ ದಾರ ಅದರ ಮೇಲೆ ಹಾದುಹೋಗಲಿ. ಇದು ಹಾಸು. ಆಮೇಲೆ ಅಡ್ಡಡ್ಡ, ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ. ಮರುಸಾಲಿನಲ್ಲಿ ಅದಲುಬದಲು. ಇದು ಹೊಕ್ಕು.

ಪ್ರತಿ ತಿರುವಿನಲ್ಲೂ ದಾರ ಚೂರು ಸಡಿಲ ಬಿಡಿ. ತೊಳೆದಾಗ ಉಣ್ಣೆ ಕುಗ್ಗುತ್ತೆ. ಬಿಗಿದಿದ್ದರೆ ಸುತ್ತಲಿನ ಬಟ್ಟೆ ಜಗ್ಗಿ ಹರಿಯುತ್ತೆ. ಗಂಟು ಬೇಡ, ಶೂ ಒಳಗೆ ಅದು ಹರಳಿನಂತೆ ಒತ್ತುತ್ತೆ. ದಾರದ ತುದಿಯನ್ನು ಹೊಲಿಗೆಯೊಳಗೇ ಹಿಂದೆಮುಂದೆ ಹಾಯಿಸಿ ಕತ್ತರಿಸಿ.

ತೊಳೆಯೋದು ತಣ್ಣೀರಲ್ಲಿ, ಹಿಂಡದೆ. ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಪೊರೆಗಳಿವೆ. ಬಿಸಿನೀರು, ತಿಕ್ಕಾಟ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸಾಕ್ಸ್ ಮಗುವಿನ ಅಳತೆಗೆ ಬಂದುಬಿಡುತ್ತೆ. ಎತ್ತಿಡುವ ಮೊದಲು ಚೆನ್ನಾಗಿ ಒಣಗಿಸಿ, ಕೊಡವಿ. ಬೆವರು ಉಳಿದ ಉಣ್ಣೆ ಹುಳುವಿಗೆ ಇಷ್ಟ.

ನಮ್ಮವ್ವ ಹಳೇ ಸೀರೆಗಳಿಂದ ಕೌದಿ ಹೊಲಿದವಳು. ನನ್ನ ಸಾಕ್ಸ್ ತಿರುವಿ ನೋಡಿ ಒಂದೇ ಮಾತು ಹೇಳಿದಳು: “ತೂತು ಬೀಳೋ ತನಕ ಯಾಕ ಕಾಯ್ತಿ? ಸವದಾಗ ಹೊಲಿ.” ರಫೂವಿನ ಮುಖ್ಯ ಪಾಠ ಇದೇ. ಬೆಳಕಿಗೆ ಹಿಡಿದಾಗ ಹಿಮ್ಮಡಿ ಜಾಳಾಗಿ ಕಂಡರೆ ಅಂದೇ ನಾಲ್ಕು ಸಾಲು ಹೊಲಿದರೆ ಹತ್ತು ನಿಮಿಷದ ಕೆಲಸ. ತೂತಾದ ಮೇಲೆ ಇಡೀ ಸಂಜೆ ಬೇಕು.

ಈಗ ಸೂಜಿಗೆ ದಾರ ಪೋಣಿಸೋಕೆ ಅವಳಿಗೆ ಕಣ್ಣು ಮಂಜು. ನಾನು ಪೋಣಿಸಿ ಕೊಡ್ತೀನಿ, ಅವಳು ಎರಡು ಸಾಲು ಹೊಲಿದು ತೋರಿಸ್ತಾಳೆ, ಉಳಿದದ್ದು ನನ್ನದು. ನಿಮ್ಮ ಮನೆಯಲ್ಲೂ ಕೌದಿ ಹೊಲಿದ ಕೈ ಇದ್ದರೆ, ಈ ಸಲ ಊರಿಗೆ ಹೋಗುವಾಗ ತೂತಾದ ಸಾಕ್ಸ್ ಬ್ಯಾಗಿಗೆ ಹಾಕ್ಕೊಳ್ಳಿ. ಹೊಲಿಸಿಕೊಂಡು ಬರೋಕಲ್ಲ, ಕಲಿತು ಬರೋಕೆ.