ಜೊತೆಗೆ ನಾವಿದ್ದೀವಲ್ಲ!

ಭಾನುವಾರದ ಸಂಜೆ. ಮೈಸೂರಿನ ಒಂದು ಚಿತ್ರಮಂದಿರದ ಬಾಗಿಲಲ್ಲಿ ಸಾಲು ನಿಂತಿತ್ತು. ನನ್ನ ಮುಂದೆ ಗಂಡ, ಹೆಂಡತಿ. ಆಕೆಯ ಸೊಂಟದ ಮೇಲೆ ನಾಲ್ಕು ವರ್ಷದ ಮಗು. ಟಿಕೆಟ್ ನೋಡುವ ಹುಡುಗ ಮೆಲ್ಲಗೆ ಹೇಳಿದ: "ಸಾರ್, ಇದು ‘ಎ’ ಪಿಕ್ಚರ್ರು. ಮಕ್ಕಳನ್ನ ಬಿಡಂಗಿಲ್ಲ."

ಯಜಮಾನರಿಗೆ ರೇಗಿತು. "ಏನಯ್ಯಾ, ಮಗು ಒಂದೇ ಬಂದಿದ್ಯಾ? ಜೊತೆಗೆ ನಾವಿದ್ದೀವಲ್ಲ! ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೀವಿ."

ಹಿಂದಿನವರು "ಬೇಗ, ಬೇಗ" ಅಂತ ಗೊಣಗಿದರು. ಹುಡುಗ ಅತ್ತ ಇತ್ತ ನೋಡಿ ಒಳಗೆ ಬಿಟ್ಟುಬಿಟ್ಟ.

ನನ್ನ ಸೀಟು ಅವರ ಪಕ್ಕದಲ್ಲೇ ಇತ್ತು. ಮೊದಲ ಅರ್ಧ ಗಂಟೆ ಮಗು ಪಾಪ್‌ಕಾರ್ನ್ ತಿಂದುಕೊಂಡು ಸುಮ್ಮನಿತ್ತು. ಆಮೇಲೆ ತೆರೆಯ ಮೇಲೆ ಮಚ್ಚು ಎದ್ದಿತು. ಸದ್ದಿಗೆ ಕುರ್ಚಿಯೇ ನಡುಗಿದ ಹಾಗಾಯಿತು. ಮಗು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಿತು. ಕಣ್ಣು ಮಾತ್ರ ಮುಚ್ಚಲಿಲ್ಲ. ಅಗಲವಾಗಿ ತೆರೆದುಕೊಂಡು ನೋಡುತ್ತಲೇ ಇತ್ತು. "ಅಮ್ಮಾ, ಆ ಮಾಮಂಗೆ ನೋವಾಗಲ್ವಾ?" "ಇಲ್ಲ ಕಂದಾ, ಅದೆಲ್ಲ ಸುಳ್ಳು, ಬರೀ ಬಣ್ಣ." "ಮನೆಗೆ ಹೋಗೋಣಮ್ಮಾ." ತಾಯಿ ಮಗುವಿನ ಮುಖಕ್ಕೆ ಸೆರಗು ಹೊದಿಸಿ ಎದೆಗೆ ಒತ್ತಿಕೊಂಡರು.

ಇಂಟರ್‌ವಲ್‌ನಲ್ಲಿ ದೀಪ ಬಂದಾಗ ಆಕೆ ನನ್ನ ಕಡೆ ತಿರುಗಿ, ನಾನೇನೋ ಕೇಳಿದೆನೇನೋ ಎಂಬಂತೆ ಹೇಳಿದರು: "ಏನ್ಮಾಡೋದು ಹೇಳಿ, ಮನೇಲಿ ಬಿಟ್ಟು ಬರೋಣ ಅಂದ್ರೆ ಯಾರಿದ್ದಾರೆ? ನಾನು ಥಿಯೇಟರಿಗೆ ಬಂದೇ ಎರಡು ವರ್ಷ ಆಗಿತ್ತು."

"ಜೊತೆಗೆ ನಾವಿದ್ದೀವಲ್ಲ", "ಮನೇಲಿ ಯಾರಿದ್ದಾರೆ" – ಈ ಎರಡು ಮಾತನ್ನು ನೀವೂ ಕೇಳಿರುತ್ತೀರಿ, ಆಡಿಯೂ ಇರಬಹುದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ನಿಜವಾದ ಕಷ್ಟ. ಎರಡನ್ನೂ ಬಿಡಿಸಿ ನೋಡೋಣ, ಬನ್ನಿ.

‘ಎ’ ಅಂದರೆ ಏನು?

ನಮ್ಮಲ್ಲಿ ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ. ಬಹಳ ವರ್ಷ ಇದ್ದದ್ದು ಎರಡೇ ಬಗೆ: ಎಲ್ಲರೂ ನೋಡಬಹುದಾದ ‘ಯು’, ವಯಸ್ಕರಿಗೆ ಮಾತ್ರವಾದ ‘ಎ’. 1983ರಲ್ಲಿ ಇವುಗಳ ನಡುವೆ ‘ಯು/ಎ’ ಬಂತು. ವೈದ್ಯರಂಥ ವಿಶೇಷ ವರ್ಗದವರಿಗೆಂದು ‘ಎಸ್’ ಕೂಡ ಸೇರಿತು. ನಾವೆಲ್ಲ ಸೆನ್ಸಾರ್ ಬೋರ್ಡ್ ಅನ್ನುವ ಸಂಸ್ಥೆಯ ಹೆಸರು ಚಲನಚಿತ್ರ ಪ್ರಮಾಣೀಕರಣ ಮಂಡಳಿ ಎಂದಾದದ್ದೂ ಅದೇ ವರ್ಷ. ಮುಖ್ಯ ಕಚೇರಿ ಮುಂಬೈಯಲ್ಲಿ. ಬೆಂಗಳೂರಿನಲ್ಲೂ ಅದರ ಪ್ರಾದೇಶಿಕ ಕಚೇರಿ ಇದೆ.

2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ‘ಯು/ಎ’ ಮೂರು ಪಾಲಾಯಿತು: ‘ಯು/ಎ 7+’, ‘ಯು/ಎ 13+’, ‘ಯು/ಎ 16+’. ‘7+’ ಅಂದರೆ ಏಳು ವರ್ಷಕ್ಕಿಂತ ಚಿಕ್ಕ ಮಗುವಿಗೆ ತೋರಿಸಬಹುದೇ ಇಲ್ಲವೇ ಎಂದು ತಂದೆತಾಯಿ ಯೋಚಿಸಿ ತೀರ್ಮಾನಿಸಿ ಎಂಬ ಸೂಚನೆ. ಉಳಿದೆರಡೂ ಹಾಗೆಯೇ.

ಗಮನಿಸಿದಿರಾ? ತಂದೆತಾಯಿಯ ತೀರ್ಮಾನಕ್ಕೆ ಬಿಟ್ಟಿರುವುದು ‘ಯು/ಎ’ಯನ್ನು ಮಾತ್ರ. ‘ಎ’ಯನ್ನಲ್ಲ. ‘ಎ’ ಚಿತ್ರ ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂತರೆ ಅದು ‘ಯು/ಎ’ ಆಗಿಬಿಡುವುದಿಲ್ಲ. ಮಕ್ಕಳಿಗೆ ತೋರಿಸಿದರೆ ಕಾನೂನು ಕೈ ಹಿಡಿಯುವುದು ಥಿಯೇಟರಿನವರನ್ನು. ಬಾಗಿಲಲ್ಲಿ ನಿಂತ ಆ ಹುಡುಗ ದರ್ಪ ತೋರಿಸಲಿಲ್ಲ, ತನ್ನ ಕೆಲಸ ಮಾಡಿದ.

ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದ್ದೀತು. ಅಮೆರಿಕದಲ್ಲಿ ‘ಆರ್’ ಎಂಬ ಗುರುತಿನ ಚಿತ್ರಗಳಿಗೆ ಹದಿನೇಳು ತುಂಬದ ಮಕ್ಕಳು ತಂದೆತಾಯಿ ಜೊತೆಯಲ್ಲಿ ಹೋಗಬಹುದು. ಅಲ್ಲಿರುವ ಮಗನೋ ಸೊಸೆಯೋ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಇಲ್ಲೂ ಹಾಗೇ ಅಂದುಕೊಳ್ಳುವವರುಂಟು. ನಮ್ಮ ‘ಎ’ ಹಾಗಲ್ಲ. ಅದು ಬ್ರಿಟನ್ನಿನ ‘18’ರ ಹಾಗೆ: ಯಾರ ಜೊತೆ ಬಂದರೂ ಮಕ್ಕಳಿಗೆ ಪ್ರವೇಶವಿಲ್ಲ.

ಆ ‘ಎ’ ಬೇರೆ, ಈ ‘ಎ’ ಬೇರೆ

ನಿಮ್ಮಲ್ಲಿ ಕೆಲವರು ಕೇಳಬಹುದು: "ಅಯ್ಯೋ, ಮಾನವಂತರು ಯಾರಾದ್ರೂ ಮಕ್ಕಳನ್ನ ‘ಎ’ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೇನ್ರೀ?"

ಅಲ್ಲೇ ಇರುವುದು ಎಡವಟ್ಟು. ‘ಎ’ ಅಂದ ಕೂಡಲೇ ನಮಗೆ ನೆನಪಾಗುವುದು ಬೀದಿ ಗೋಡೆಯ ಆ ಪೋಸ್ಟರುಗಳು. ಅದನ್ನು ಕಂಡು ತಲೆ ತಗ್ಗಿಸಿ, ಮಗುವಿನ ಕೈಹಿಡಿದು ಸರಸರ ನಡೆದುಬಿಡುತ್ತಿದ್ದ ದಿನಗಳು. ಅಂಥ ಚಿತ್ರಕ್ಕೆ ಸಂಸಾರಸ್ಥರು ಈಗಲೂ ಹೋಗುವುದಿಲ್ಲ. ಆದರೆ ಇವತ್ತು ‘ಎ’ ಪಡೆಯುವ ದೊಡ್ಡ ಚಿತ್ರಗಳಲ್ಲಿ ಅನೇಕವು ಆ ಕಾರಣಕ್ಕಲ್ಲ, ರಕ್ತಪಾತದ ಕಾರಣಕ್ಕೆ ಪಡೆಯುತ್ತವೆ. ಹೀರೋ ನಮ್ಮ ಮನೆಮಗನಷ್ಟು ಪರಿಚಿತ. ಹಾಡು ಮಗುವಿನ ಬಾಯಲ್ಲೇ ಕುಣಿಯುತ್ತಿರುತ್ತದೆ. ಹೀಗಾಗಿ ಅದು ‘ಎ’ ಎಂದು ಮನಸ್ಸಿಗೆ ನಾಟುವುದೇ ಇಲ್ಲ.

2023ರ ಡಿಸೆಂಬರಿನಲ್ಲಿ ಬಂದ ‘ಸಲಾರ್’ ನೆನಪಿಸಿಕೊಳ್ಳಿ. ನಿರ್ದೇಶಕರು ‘ಕೆಜಿಎಫ್’ನ ಪ್ರಶಾಂತ್ ನೀಲ್, ನಿರ್ಮಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಸಂಸ್ಥೆ. ಅದು ‘ಎ’. ಅದೇ ತಿಂಗಳ ಮೊದಲಲ್ಲಿ ಬಂದ ಹಿಂದಿಯ ‘ಅನಿಮಲ್’ ಕೂಡ ‘ಎ’. 2025ರ ಆಗಸ್ಟಿನಲ್ಲಿ ಬಂದ ರಜನಿಕಾಂತ್ ಅವರ ‘ಕೂಲಿ’ಯಲ್ಲಿ ನಮ್ಮ ಉಪೇಂದ್ರ ಕೂಡ ಇದ್ದರು, ಅದಕ್ಕೂ ‘ಎ’ಯೇ. ಮನೆಮಂದಿಯೆಲ್ಲ ಕೂತು ನೋಡುವ ನಟನ ಚಿತ್ರಕ್ಕೆ ‘ಯು/ಎ’ ಕೊಡಿಸಿ ಎಂದು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಅದೇ ತಿಂಗಳು ಆ ಅರ್ಜಿಯನ್ನು ತಳ್ಳಿಹಾಕಿತು. ನಟ ಎಷ್ಟೇ ದೊಡ್ಡವನಾದರೂ ತೆರೆಯ ಮೇಲಿನ ರಕ್ತ ರಕ್ತವೇ ತಾನೆ?

ಈ ಚಿತ್ರಗಳು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ದೊಡ್ಡವರು ನೋಡಲಿ, ಮೆಚ್ಚಲಿ. ಊಟಕ್ಕೆ ಕೂತಾಗ ನಾವು ಖಾರದ ಪುಡಿ ಹಾಕಿಕೊಂಡು ತಿನ್ನುವುದಿಲ್ಲವೇ? ಹಾಗೆಂದು ಹಾಲುಹಲ್ಲಿನ ಮಗುವಿನ ಬಾಯಿಗೆ ಅದೇ ತುತ್ತು ಇಡುತ್ತೇವೆಯೇ?

ಮಗುವಿನ ಕಣ್ಣಿಗೆ ಕಾಣುವುದು

"ಅದಕ್ಕೇನು ಅರ್ಥವಾಗುತ್ತೆ, ಚಿಕ್ಕದು" ಅನ್ನುವುದು ವಾಡಿಕೆಯ ಮಾತು. ಅರ್ಥವಾಗುವುದಿಲ್ಲ, ನಿಜ. ಅಪಾಯ ಇರುವುದೇ ಅಲ್ಲಿ. ದೊಡ್ಡವರಿಗೆ ಕಥೆ ಗೊತ್ತು: ಇವನು ದುಷ್ಟ, ಅದಕ್ಕೇ ಹೊಡೆಯುತ್ತಿದ್ದಾರೆ, ಇದು ನಟನೆ. ಮಗುವಿಗೆ ಕಥೆ ಇಲ್ಲ, ಬರೀ ಹೊಡೆತ ಇದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋನ್ ಕ್ಯಾಂಟರ್ ಎಂಬ ವಿದುಷಿ ಮಕ್ಕಳು ಪರದೆ ನೋಡಿ ಹೆದರುವ ವಿಷಯವನ್ನೇ ಅನೇಕ ವರ್ಷ ಅಧ್ಯಯನ ಮಾಡಿದವರು. ಏಳರೊಳಗಿನ ಮಕ್ಕಳು ಮುಖ್ಯವಾಗಿ ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ, ಅವರಿಗೆ "ಇದು ನಿಜವಲ್ಲ" ಎಂದು ಬಿಡಿಸಿ ಹೇಳಿದರೆ ಹೆಚ್ಚು ಉಪಯೋಗವಿಲ್ಲ ಎಂದು ಅವರು ಕಂಡುಕೊಂಡರು. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರೂ ಇನ್ನೊಬ್ಬರು ಸಂಶೋಧಕಿಯೂ ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಚಿಕ್ಕಂದಿನಲ್ಲಿ ಕಂಡ ಯಾವುದೋ ದೃಶ್ಯದ ಅಳುಕು ಇನ್ನೂ ಉಳಿದಿತ್ತಂತೆ.

ಇನ್ನು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ: "ನಮ್ಮೋನು ಹೆದರೋದೇ ಇಲ್ಲ, ಚಪ್ಪಾಳೆ ಹೊಡೀತಾನೆ." ಅದಕ್ಕೂ ಒಂದು ಉತ್ತರವಿದೆ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1961ರಲ್ಲಿ, ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಗೆ ಗುದ್ದಿ ಒದೆಯುವುದನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಆಮೇಲೆ ಆ ಮಕ್ಕಳನ್ನು ಗೊಂಬೆಯ ಬಳಿ ಬಿಟ್ಟಾಗ ಅವೂ ಹಾಗೇ ಗುದ್ದಿದವು. 1963ರಲ್ಲಿ ಅದನ್ನೇ ಫಿಲ್ಮ್ ಮಾಡಿ ತೋರಿಸಿದರು, ಫಲ ಬೇರೆಯಾಗಲಿಲ್ಲ. ಒಂದು ಸಿನಿಮಾ ನೋಡಿದ ಮಾತ್ರಕ್ಕೆ ಮಗು ರೌಡಿಯಾಗುತ್ತದೆ ಎಂದಲ್ಲ. ಆದರೆ ಕಂಡದ್ದನ್ನು ಮಾಡಿ ನೋಡುವುದು ಮಗುವಿನ ಸ್ವಭಾವ.

ಬೇರೆಯವರ ತಪ್ಪನ್ನೇ ಹೇಳುತ್ತಾ ಕೂತರೆ ಆಗದು, ನನ್ನದೂ ಒಂದಿದೆ. ನನ್ನ ಮಗಳಿಗೆ ಐದು ವರ್ಷ ಇದ್ದಾಗ, ನೆಂಟರ ಜೊತೆ ಹೊರಟ ಸಂಭ್ರಮದಲ್ಲಿ ಅವಳನ್ನೂ ಒಂದು ದೆವ್ವದ ಚಿತ್ರಕ್ಕೆ ಎತ್ತಿಕೊಂಡು ಹೋದೆ. "ನಿದ್ದೆ ಮಾಡಿಬಿಡ್ತಾಳೆ" ಅಂದುಕೊಂಡಿದ್ದೆ. ಅವಳು ನಿದ್ದೆ ಮಾಡಲಿಲ್ಲ, ಆ ರಾತ್ರಿಯೂ ಮಾಡಲಿಲ್ಲ. ಮೂರು ತಿಂಗಳು ಬಚ್ಚಲಿಗೆ ಒಬ್ಬಳೇ ಹೋಗಲಿಲ್ಲ. ನಾನು ಬಾಗಿಲಲ್ಲಿ ನಿಂತು ಮಾತಾಡುತ್ತಲೇ ಇರಬೇಕಿತ್ತು. ಅತ್ತೆಯವರು ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ನನಗೆ ಮಾತ್ರ ಗೊತ್ತಿತ್ತು, ದೃಷ್ಟಿ ತಾಗಿಸಿದವಳು ನಾನೇ ಎಂದು.

ಹಾಗಾದರೆ ಅಮ್ಮ ಸಿನಿಮಾ ನೋಡಬಾರದೇ?

ಈಗ ಆ ಎರಡನೆಯ ಮಾತಿಗೆ ಬರೋಣ. ಇಂಟರ್‌ವಲ್ ಮುಗಿದು ದೀಪ ಆರಿದಾಗ ನನ್ನ ಪಕ್ಕದ ಎರಡು ಸೀಟು ಖಾಲಿ. ಆಟ ಬಿಟ್ಟ ಮೇಲೆ ನೋಡಿದರೆ ಆ ತಾಯಿ ಹೊರಗಿನ ಬೆಂಚಿನ ಮೇಲೆ, ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಾರೆ. ಯಜಮಾನರು ಪೂರ್ತಿ ನೋಡಿ ಬಂದರು. ಎರಡು ವರ್ಷಕ್ಕೊಮ್ಮೆ ಬಂದ ಆಕೆಗೆ ಸಿಕ್ಕಿದ್ದು ಅರ್ಧ ಸಿನಿಮಾ.

ಆದ್ದರಿಂದ "ಮಕ್ಕಳಿರುವ ತಾಯಿ ಮನೆಯಲ್ಲಿರಲಿ" ಎಂದು ಉಪದೇಶ ಮಾಡಿ ಮುಗಿಸಲು ನನಗೆ ಮನಸ್ಸಿಲ್ಲ. ಹಿಂದೆ ತುಂಬಿದ ಮನೆಯಲ್ಲಿ ಅಜ್ಜಿಯೋ ಅತ್ತಿಗೆಯೋ ಮಗುವನ್ನು ನೋಡಿಕೊಳ್ಳುತ್ತಿದ್ದರು. ಈಗಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆ ಅನುಕೂಲವಿಲ್ಲ. ಇರುವುದರಲ್ಲೇ ಹೇಗೆ ಹೊಂದಿಸಿಕೊಳ್ಳಬಹುದು, ನೋಡಿ:

ಟಿಕೆಟ್ ಕೊಳ್ಳುವ ಮೊದಲೇ ಸರ್ಟಿಫಿಕೇಟ್ ನೋಡಿ. ಪೋಸ್ಟರಿನಲ್ಲೂ ಮೊಬೈಲಿನಲ್ಲೂ ಸಿನಿಮಾ ಹೆಸರಿನ ಹತ್ತಿರವೇ ಅದು ಇರುತ್ತದೆ. ಬುಕ್ ಮಾಡುವವರು ಯಜಮಾನರಾದರೆ, "ಯು/ಎ ನಾ, ಎ ನಾ?" ಎಂದು ಕೇಳುವುದು ನಿಮ್ಮ ಕೆಲಸವಾಗಲಿ. ದುಡ್ಡು ಕೊಟ್ಟ ಮೇಲೆ ಬಾಗಿಲಲ್ಲಿ ವಾದ ಮಾಡುವುದಕ್ಕಿಂತ ಇದು ಸುಲಭ.

ಸರದಿ ಹಾಕಿಕೊಳ್ಳಿ. ಒಂದು ಭಾನುವಾರ ಅವರು ನೋಡಲಿ, ಇನ್ನೊಂದು ಭಾನುವಾರ ನೀವು ತಂಗಿಯ ಜೊತೆಗೋ ಗೆಳತಿಯ ಜೊತೆಗೋ ಹೋಗಿ. ಆ ಹೊತ್ತು ಮಗು ಅಪ್ಪನ ಜೊತೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯಲಿ, ಮೃಗಾಲಯದಲ್ಲಿ ಜಿರಾಫೆ ನೋಡಲಿ. ಮೃಗಾಲಯಕ್ಕೆ ರಜೆ ಇರುವುದು ಮಂಗಳವಾರ; ಭಾನುವಾರ ತೊಂದರೆಯಿಲ್ಲ. ಅಪ್ಪನಿಗೂ ಮಗು ಸಾಕುವುದು ಏನೆಂದು ತಿಳಿಯುತ್ತದೆ!

ನೆರೆಯವರ ಜೊತೆ ಕೊಡುಕೊಳು ಇಟ್ಟುಕೊಳ್ಳಿ. ಹಾಲಿಗೆ ಹೆಪ್ಪು ಕೇಳುವಷ್ಟು ಸಲಿಗೆ ಇರುವ ಮನೆಯಲ್ಲಿ ಮೂರು ಗಂಟೆ ಮಗುವನ್ನು ನೋಡಿಕೊಳ್ಳಿ ಎಂದು ಕೇಳಲು ಸಂಕೋಚವೇಕೆ? ಮುಂದಿನ ವಾರ ಅವರ ಮಗು ನಿಮ್ಮ ಮನೆಯಲ್ಲಿರಲಿ. ಬಿಡುವ ಮನೆ ಚೆನ್ನಾಗಿ ಬಲ್ಲವರದ್ದಾಗಿರಲಿ, ಅಷ್ಟೆ.

ಎಲ್ಲರೂ ಕೂಡಿ ನೋಡುವ ಚಿತ್ರಗಳೂ ಇವೆ. ‘ಬೆಟ್ಟದ ಹೂವು’, ‘ಚಿನ್ನಾರಿ ಮುತ್ತ’, 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಇಂಥವನ್ನು ಮನೆಯಲ್ಲೇ ಒಂದು ಸಂಜೆ ಚುರುಮುರಿ ಮಾಡಿಟ್ಟುಕೊಂಡು ನೋಡಿ. ಬೇಸಿಗೆ ರಜೆಯಲ್ಲಿ ನಮ್ಮ ರಂಗಾಯಣದ ‘ಚಿನ್ನರ ಮೇಳ’ವೂ ಉಂಟು.

ಮನೆಯ ಪರದೆಯನ್ನೂ ಮರೆಯಬೇಡಿ. ಥಿಯೇಟರಿನಲ್ಲಿ ತಡೆಯಲು ಬಾಗಿಲ ಹುಡುಗನಾದರೂ ಇರುತ್ತಾನೆ, ಮೊಬೈಲಿನಲ್ಲಿ ಯಾರಿದ್ದಾರೆ? 2021ರ ನಿಯಮದ ಪ್ರಕಾರ ಓಟಿಟಿಗಳು ವಯಸ್ಸಿನ ಗುರುತು ಹಾಕಬೇಕು, ಹದಿಮೂರಕ್ಕೆ ಮೇಲ್ಪಟ್ಟವುಗಳಿಗೆ ಬೀಗದ ವ್ಯವಸ್ಥೆ ಕೊಡಬೇಕು. ಆ ಬೀಗ ಹಾಕುವ ಕೈ ಮಾತ್ರ ನಿಮ್ಮದು.

ಅಕಸ್ಮಾತ್ ಮಗು ಏನನ್ನಾದರೂ ನೋಡಿ ಹೆದರಿದರೆ, "ಗಂಡುಮಗ ಹೆದರ್ತಾರಾ?" ಎಂದು ಹೀಯಾಳಿಸಬೇಡಿ. ಚಿಕ್ಕ ಮಗುವಾದರೆ ವಿವರಣೆ ಬೇಡ. ಎತ್ತಿಕೊಳ್ಳಿ, ನೀರು ಕೊಡಿ, ಪ್ರಿಯವಾದ ಗೊಂಬೆ ಕೊಡಿ, ಪಕ್ಕದಲ್ಲಿ ಮಲಗಿಸಿಕೊಳ್ಳಿ. ಎಂಟು ಹತ್ತು ವರ್ಷದ ಮಗುವಿಗೆ ರಕ್ತ ಹೇಗೆ ಬಣ್ಣದಿಂದ ಮಾಡುತ್ತಾರೆಂದು ಹೇಳಿದರೆ ತಿಳಿಯುತ್ತದೆ. ವಾರಗಳು ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಒಳಗೆ ಕೂತ ಮೇಲೆ ಮಗು "ಮನೆಗೆ ಹೋಗೋಣ" ಅಂದರೆ, ಟಿಕೆಟ್ಟಿನ ದುಡ್ಡಿನ ಮುಖ ನೋಡದೆ ಎದ್ದುಬಿಡಿ. ಆದರೆ ಒಂದು ಮಾತು: ಎದ್ದರೆ ಇಬ್ಬರೂ ಏಳಿ. ಹೊರಗಿನ ಬೆಂಚಿನ ಮೇಲೆ ಅಮ್ಮ ಒಬ್ಬಳೇ ಕೂರುವ ಹಾಗಾದರೆ, "ಜೊತೆಗೆ ನಾವಿದ್ದೀವಲ್ಲ" ಅನ್ನುವ ಮಾತಿಗೆ ಅರ್ಥವೇನು ಬಂತು?