ಕರಕುಶಲ ಚಟುವಟಿಕೆಗಳ ಮೂಲಕ ಇತಿಹಾಸ ಬೋಧನೆ

ಕರಕುಶಲ ಚಟುವಟಿಕೆಗಳ ಮೂಲಕ ಇತಿಹಾಸ ಬೋಧನೆ ಎಂಬುದು ಹಿಂದಿನವರು ಮಾಡುತ್ತಿದ್ದ ಕೆಲಸಗಳನ್ನು ಮಕ್ಕಳು ಕೈಯಾರೆ ಮಾಡಿ ನೋಡಿ, ಆ ಅನುಭವದಿಂದ ಗತಕಾಲವನ್ನು ಅರಿಯುವ ಬೋಧನಾಕ್ರಮವಾಗಿದೆ. ನೂಲುವುದು, ಇಟ್ಟಿಗೆ ಅಚ್ಚು ಹಾಕುವುದು, ಮುದ್ರೆ ಕೆತ್ತುವುದು ಇತ್ಯಾದಿ ಇದರಲ್ಲಿ ಸೇರುತ್ತವೆ. ಕೆಲಸದ ನಡುವೆ ಎದುರಾಗುವ ತೊಡಕೇ ಇಲ್ಲಿ ಪಾಠ.

ಹಿನ್ನೆಲೆ

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೊದಲ್ಲಿ ಪ್ರಯೋಗಾತ್ಮಕ ಶಾಲೆಯೊಂದನ್ನು ಆರಂಭಿಸಿದರು. ಅಲ್ಲಿ ಮಕ್ಕಳ ಕೈಗೆ ಹತ್ತಿಯ ಕಾಯಿಯನ್ನೂ ಕುರಿಯ ಉಣ್ಣೆಯನ್ನೂ ಕೊಡಲಾಗುತ್ತಿತ್ತು. ಒಂದು ಗುಂಪು 30 ನಿಮಿಷ ಬೀಜ ಬಿಡಿಸಿದರೂ ಒಂದು ಔನ್ಸ್ (ಸುಮಾರು 28 ಗ್ರಾಂ) ಹತ್ತಿ ಕೂಡ ದೊರೆಯಲಿಲ್ಲ ಎಂದು ಡ್ಯೂಯಿ 'ದಿ ಸ್ಕೂಲ್ ಅಂಡ್ ಸೊಸೈಟಿ' (1899) ಕೃತಿಯಲ್ಲಿ ದಾಖಲಿಸಿದ್ದಾರೆ. ತಮ್ಮ ಪೂರ್ವಿಕರು ಹತ್ತಿಯ ಬದಲು ಉಣ್ಣೆಯನ್ನೇ ಏಕೆ ತೊಡುತ್ತಿದ್ದರೆಂಬುದು ಆ ಮಕ್ಕಳ ಬೆರಳುಗಳಿಗೇ ತಿಳಿಯಿತು. ಹತ್ತಿಬಟ್ಟೆ ಬಹು ಪ್ರಾಚೀನವಾಗಿರುವ ಭಾರತದಲ್ಲಿ ಇದೇ ಚಟುವಟಿಕೆ ಬೇರೊಂದು ಪ್ರಶ್ನೆ ಎಬ್ಬಿಸುತ್ತದೆ: ಇಷ್ಟು ಶ್ರಮವನ್ನು ಇಲ್ಲಿ ಯಾರು ಪಡುತ್ತಿದ್ದರು?

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ ಮೂಲಶಿಕ್ಷಣ ಯೋಜನೆಯೂ ಕಸುಬನ್ನೇ ಕಲಿಕೆಯ ಕೇಂದ್ರವಾಗಿಸಿತು. ತಕಲಿಯಿಂದ ನೂಲುತ್ತಲೇ ದೇಶದ ಬಟ್ಟೆ ಕಸುಬಿನ ಏಳುಬೀಳನ್ನು ಮಗು ಅರಿಯಬೇಕೆಂಬುದು ಅವರ ಆಶಯವಾಗಿತ್ತು.

ಉದಾಹರಣೆ: ಸಿಂಧೂ ಮುದ್ರೆ

ಸಿಂಧೂ ನಾಗರಿಕತೆಯ ಮುದ್ರೆಗಳಲ್ಲಿ ಹೆಚ್ಚಿನವು ಬಳಪದ ಕಲ್ಲಿನ ಪುಟ್ಟ ಚೌಕಗಳು. ಮೆದುವಾದ ಈ ಕಲ್ಲನ್ನು ಕೆತ್ತಿ, ಬಳಿಕ ಬೆಂಕಿಯಲ್ಲಿ ಕಾಯಿಸಿ ಗಟ್ಟಿಗೊಳಿಸುತ್ತಿದ್ದರು. ತರಗತಿಯಲ್ಲಿ ಕಲ್ಲಿಗೆ ಬದಲಾಗಿ ಸಾಬೂನಿನ ತುಂಡು ಸಾಕು. ಕೆತ್ತಲು ಮೊಂಡು ಕಡ್ಡಿ ಅಥವಾ ಹಳೆಯ ಚಮಚ. ಮಗು ತನ್ನ ಹೆಸರನ್ನು ಕೆತ್ತಿ ಹಸಿ ಜೇಡಿಮಣ್ಣಿನ ಮೇಲೆ ಒತ್ತಿದಾಗ ಅಕ್ಷರಗಳು ತಿರುವುಮುರುವಾಗಿ ಮೂಡುತ್ತವೆ. ಶಿಕ್ಷಕರು ಇದನ್ನು ಮೊದಲೇ ಹೇಳಿಬಿಟ್ಟರೆ ಚಟುವಟಿಕೆಯ ಸ್ವಾರಸ್ಯವೆಲ್ಲ ಹೋಯಿತು. ಎರಡನೆಯ ಸಾಬೂನಿನಲ್ಲಿ ಮಗು ತಾನಾಗಿಯೇ ಹೆಸರನ್ನು ಹಿಂದುಮುಂದಾಗಿ ಕೆತ್ತುತ್ತದೆ. ಮುದ್ರೆ ಒತ್ತುವುದಕ್ಕಾಗಿ ಇದ್ದ ವಸ್ತು ಎಂಬುದು ಆಗ ಮನವರಿಕೆಯಾಗುತ್ತದೆ.

ಇದಕ್ಕೆ ಪುರಾವೆಯನ್ನೂ ಜೊತೆಗೇ ತೋರಿಸಬೇಕು. ಕರ್ನಾಟಕದವರಾದ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ನೇತೃತ್ವದಲ್ಲಿ ಉತ್ಖನನಗೊಂಡ ಗುಜರಾತಿನ ಲೋಥಾಲ್‌ನಲ್ಲಿ ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆಗಳು ದೊರೆತಿವೆ. ಅವುಗಳ ಹಿಂಬದಿಯಲ್ಲಿ ಬಟ್ಟೆ, ಹುರಿ ಮೊದಲಾದವುಗಳ ಗುರುತುಗಳಿವೆ. ಸರಕಿನ ಕಟ್ಟುಗಳಿಗೆ ಮುದ್ರೆ ಹಾಕುತ್ತಿದ್ದರೆಂದು ಇದರಿಂದ ಊಹಿಸಲಾಗಿದೆ. ಮಕ್ಕಳು ಗೋಣಿಚೀಲದ ಗಂಟಿನ ಮೇಲೆ ಮಣ್ಣು ಮೆತ್ತಿ ಮುದ್ರೆಯೊತ್ತಿ, ಒಣಗಿದ ಮೇಲೆ ಕಿತ್ತು ತಿರುಗಿಸಿದರೆ ಅಂಥದೇ ಗುರುತು ಕಾಣಿಸುತ್ತದೆ.

ಮಿತಿಗಳು

ಅಂಗಡಿಯಿಂದ ತಂದ ಥರ್ಮೋಕೋಲಿನಲ್ಲಿ ಪೋಷಕರೇ ರಾತ್ರಿ ಕುಳಿತು ಮಾಡಿಕೊಡುವ ತಾಜ್‌ಮಹಲ್ ಈ ಕ್ರಮಕ್ಕೆ ಸೇರದು. ಸಿಂಧೂ ಲಿಪಿಯನ್ನು ಈವರೆಗೆ ಸರ್ವಸಮ್ಮತವಾಗಿ ಓದಲಾಗಿಲ್ಲ. ಆದುದರಿಂದ ಮುದ್ರೆಯ ಚಿಹ್ನೆಗಳಿಗೆ ತರಗತಿಯಲ್ಲಿ ಅರ್ಥ ಕಟ್ಟಬಾರದು. ಬರಗಾಲ, ಗುಲಾಮಗಿರಿಯಂತಹ ವಿಷಯಗಳನ್ನು ಆಟವಾಗಿಸುವುದು ಸಲ್ಲದು. ಶಾಸನಗಳ ಪಡಿಯಚ್ಚು ತೆಗೆಯುವುದನ್ನು ಕಲಿಸುವಾಗ ಊರಿನ ನಿಜವಾದ ಶಾಸನಕ್ಕೆ ಮಸಿ ತಾಗಿಸದೆ, ಕೆತ್ತಿದ ಹಲಗೆಯೊಂದನ್ನು ಬಳಸಬೇಕು.