ಮೊಣಕಾಲೂರಿ ನೋಡುವ ಕಾಡು

ಜೂನ್ ಎಂದರೆ ಸಿಡ್ನಿಗೆ ಚಳಿಗಾಲ ಕಾಲಿಡುವ ತಿಂಗಳು. ಮಳೆ ಬಿಟ್ಟ ಬೆಳಗು. ನಗರದ ನಡುಭಾಗದಿಂದ ಹತ್ತು ಕಿಲೋಮೀಟರಿನೊಳಗೇ ಇರುವ ಲೇನ್ ಕೋವ್ ಬುಷ್‌ಲ್ಯಾಂಡ್ ಪಾರ್ಕಿನಲ್ಲಿ ಅಣಬೆಪ್ರಿಯರ ಗುಂಪೊಂದು ಗೋರ್ ಕ್ರೀಕ್ ತೊರೆಯ ಪಕ್ಕದ ಕಾಲುದಾರಿ ಹಿಡಿದಿದೆ. ದಿಣ್ಣೆಯ ಮೇಲೆ ನೀಲಗಿರಿ ಮರಗಳು. ತಗ್ಗಿನಲ್ಲಿ ನಮ್ಮ ನೇರಳೆಯ ಬಳಗಕ್ಕೇ ಸೇರಿದ ಲಿಲಿಪಿಲಿ ಮರಗಳ ದಟ್ಟ ನೆರಳು. ಕೊಳೆತೆಲೆಯ ವಾಸನೆ ಮೂಗಿಗೆ ಅಡರುತ್ತದೆ. ಅರ್ಧ ಗಂಟೆ ಕಳೆದರೂ ಗುಂಪು ನೂರು ಹೆಜ್ಜೆ ದಾಟಿಲ್ಲ.

"ಇಲ್ಲಿ!" ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ಹೆಜ್ಜೆ ನೋಡಿಕೊಂಡು ಬಂದು ಮೊಣಕಾಲೂರುತ್ತಾರೆ. ಪಾಚಿಯ ನಡುವೆ ಕುಂಕುಮದ ಬೊಟ್ಟಿನಷ್ಟೇ ಕೆಂಪು ಟೋಪಿ. ಕೀಳುವಂತಿಲ್ಲ. ಹಿರಿಯರೊಬ್ಬರು ಅಂಗೈಯಗಲದ ಕನ್ನಡಿಯನ್ನು ಟೋಪಿಯ ಅಡಿಗೆ ಮೆಲ್ಲಗೆ ಸರಿಸುತ್ತಾರೆ. ಕನ್ನಡಿಯಲ್ಲಿ ಹಳದಿ ಛಾಯೆಯ ಕಿವಿರುಗಳು ಮೂಡುತ್ತವೆ: ದಪ್ಪ, ವಿರಳ, ಮೇಣ ಸವರಿದಂಥ ಹೊಳಪು. ಹೈಗ್ರೋಸೈಬಿ ಕುಲದ ಅಣಬೆ ಎನ್ನುವುದಕ್ಕೆ ಅಷ್ಟು ಸಾಕು. ಯಾವ ಪ್ರಭೇದ? ಟೋಪಿ ಒಣಗಿದೆಯೋ ಲೋಳೆಯೋ, ಕಿವಿರು ಕಾಂಡಕ್ಕೆ ಹೇಗೆ ಅಂಟಿದೆ ಎಂದು ಚರ್ಚೆ ಸಾಗುತ್ತದೆ. ಬೀಜಕಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳಲಾಗದು ಎಂದು ಒಪ್ಪಿ, ಪುಸ್ತಕದಲ್ಲಿ ಕುಲದ ಹೆಸರನ್ನಷ್ಟೇ ಬರೆದು ಎದ್ದರು. ಈ ಸಂಯಮ ನನಗೆ ಬಹಳ ಹಿಡಿಸಿತು.

ಈ ಪುಟ್ಟ ಕಣಿವೆ ಸಾಮಾನ್ಯದ್ದಲ್ಲ. ರೇ ಮತ್ತು ಎಲ್ಮಾ ಕಿಯರ್ನಿ ದಂಪತಿ ಇಲ್ಲಿನ ಅಣಬೆಗಳನ್ನು ಪಟ್ಟುಹಿಡಿದು ದಾಖಲಿಸಿದರು. ಹೈಗ್ರೋಸೈಬಿ ಬಳಗದ 20ಕ್ಕೂ ಹೆಚ್ಚು ಬಗೆಗಳು ಕಂಡವು. ವಿಜ್ಞಾನಕ್ಕೇ ಹೊಸತಾದ ಒಂದಕ್ಕೆ ಊರಿನ ಹೆಸರೇ ಬಂದು 'ಲೇನ್‌ಕೋವೆನ್ಸಿಸ್' ಆಯಿತು. 2000ದಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಈ ಅಣಬೆ ಸಮುದಾಯವನ್ನು ಅಳಿವಿನಂಚಿನದೆಂದು ಘೋಷಿಸಿ ಕಾನೂನಿನ ರಕ್ಷಣೆ ಕೊಟ್ಟಿತು. ಹುಲಿಗೋ ಆನೆಗೋ ಅಲ್ಲ, ಬೆರಳುದ್ದದ ಅಣಬೆಗೆ! ಸುತ್ತಲಿನ ಬಡಾವಣೆಗಳಿಂದ ಹರಿದುಬರುವ ಕೊಳಕು ನೀರು, ಕಳೆಗಿಡ, ಕಾಲ್ತುಳಿತ ಇವಕ್ಕೆ ಕುತ್ತು. ನಮ್ಮ ಕಣ್ಣಿಗೆ ಬೀಳುವ ಅಣಬೆ ಹಣ್ಣಿದ್ದಂತೆ, ಅಷ್ಟೇ. ಜೀವವೆಲ್ಲ ಮಣ್ಣಿನೊಳಗೆ ಹಬ್ಬಿದ ಎಳೆಗಳಲ್ಲಿದೆ.

ಮೊದಲ ಗುಡುಗಿಗೇ ಹುತ್ತದ ಅಣಬೆ ಹುಡುಕಿ ಹೊರಡುವ ಮಲೆನಾಡಿನವರಿಗೆ ಬರಿಗೈಯಲ್ಲಿ ಮರಳುವುದು ವಿಚಿತ್ರ ಎನಿಸಬಹುದು. ಆದರೆ ಊರಿನ ಆ ಅನುಭವವನ್ನು ನೆಚ್ಚಿ ಆಸ್ಟ್ರೇಲಿಯಾದಲ್ಲಿ ಅಣಬೆ ಕಿತ್ತು ತಿನ್ನಬಾರದು. ಯುರೋಪಿನ ಓಕ್ ಮರಗಳೊಂದಿಗೆ ಬಂದ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ಮೆಲ್ಬರ್ನ್, ಕ್ಯಾನ್‌ಬೆರಾಗಳಲ್ಲಿ ನೆಲೆಯೂರಿದೆ. ಏಷ್ಯಾದಲ್ಲಿ ತಿನ್ನುವ ಹುಲ್ಲಣಬೆಯನ್ನೇ ಹೋಲುವ ಅದರ ವಿಷ ಎಷ್ಟು ಬೇಯಿಸಿದರೂ ಹೋಗದು, ಯಕೃತ್ತನ್ನೇ ಕೆಡಿಸುತ್ತದೆ. ಆ ಕಡೆ ಇರುವ ಕನ್ನಡಿಗರು ಚಳಿಗಾಲದಲ್ಲಿ ಒಮ್ಮೆ ಇಂಥ ಗುಂಪಿನೊಂದಿಗೆ ಹೋಗಿಬನ್ನಿ. ಬುಟ್ಟಿ ಬೇಡ, ಭೂತಗನ್ನಡಿಯೊಂದು ಜೇಬಿನಲ್ಲಿರಲಿ.